ಝುಝುನಾ, ಎರಡು ಸೆಕೆಂಡು

ನಲವತ್ತೊಂದು ವರ್ಷ
ರಂಗದ ಅಂಚಿನ ಗೂಡಿನಲ್ಲಿ
ಸೊಂಟದವರೆಗೆ ಹೂತುಕೊಂಡು
ಮಾತು ಹೇಳಿಕೊಟ್ಟವಳು.
ರಾಜ ಮರೆತರೆ ರಾಜನಿಗೆ,
ವಿಧವೆ ತಡವರಿಸಿದರೆ ವಿಧವೆಗೆ,
ಕುಡಿದು ಬಂದ ನಾಯಕನಿಗೆ ಒಮ್ಮೆ ಇಡೀ ಮೂರನೇ ಅಂಕ.
ಚಪ್ಪಾಳೆ ಬಿದ್ದಾಗ ಅವಳಿಗೆ ಕಂಡದ್ದು
ಬಾಗಿದವರ ಬೂಟು, ಸವೆದ ಹಿಮ್ಮಡಿ.

ಈಗ ತ್ಬಿಲಿಸಿಯ ಚುಗುರೇತಿಯಲ್ಲಿ
ನನ್ನ ಮೂರನೇ ಮಹಡಿ ಹತ್ತಿ ಬಂದಿದ್ದಾಳೆ.
ಏದುಸಿರು. ಕೈಯಲ್ಲಿ ಒಂದು ಪೊಟ್ಟಣ ಅಕ್ರೋಟು.
"ಫೋಟೋ ಬೇಕು, ಮಾಕ್ವಲಾ. ಗೋರಿಕಲ್ಲಿಗಲ್ಲ,
ಅದಕ್ಕೆ ಕೊಟ್ಟಾಗಿದೆ, ಅದರಲ್ಲಿ ನನಗೆ ಮೂವತ್ತು.
ಇದು ಬೇರೆ."

ಬೇರೆ ಎಂದರೇನು, ನಾನು ಕೇಳಲಿಲ್ಲ.
ಕೇಳದಿರುವುದೇ ನನ್ನ ಕಸುಬು.
ಸೋದರಮಾವನ ಮರದ ಕ್ಯಾಮೆರಾ,
ತೇಪೆ ಹಾಕಿದ ಅದರ ಚರ್ಮದ ತಿದಿ,
ಮೇಲೊಂದು ಕರಿಬಟ್ಟೆ.
ನುಗ್ಗಿ ನೋಡಿದೆ. ಮಸುಕು ಗಾಜಿನ ಮೇಲೆ
ಝುಝುನಾ ತಲೆಕೆಳಗಾಗಿ ಕೂತಿದ್ದಳು,
ಕಿಟಕಿಯ ಬೆಳಕು ಅವಳ ಕೆಳಗಿನಿಂದ ಸುರಿಯುತ್ತಿತ್ತು.

"ನಿನ್ನದೂ ಗೂಡೇ," ಎಂದಳು.
"ನನ್ನದರಲ್ಲಿ ಇಲಿಯಿತ್ತು."

ಆಮೇಲೆ ಕೈಚೀಲದಿಂದ ಒಂದು ಲೋಟ ತೆಗೆದಳು,
ಮನೆಯಿಂದಲೇ ತಂದದ್ದು. ನೀರು ಕೇಳಿದಳು.
ಹಲ್ಲುಸೆಟ್ಟನ್ನು ಬಿಚ್ಚಿ ಅದರಲ್ಲಿ ಇಳಿಸಿದಳು,
ಟಣ್ ಎಂದಿತು.
ಗಂಡನೆದುರೂ ಬಿಚ್ಚಿರಲಿಲ್ಲವಂತೆ.
ಕತ್ತಲಲ್ಲಿ ಬಿಚ್ಚಿ, ಬೆಳಗಾಗುವ ಮುಂಚೆ ತೊಟ್ಟು,
ಹದಿನೆಂಟು ವರ್ಷ.

"ಒಂದೇ ಷರತ್ತು," ಎಂದಳು, ಗಾಳಿ ಸೋರುವ ಮಾತಿನಲ್ಲಿ.
"ಒಳಗಿನಿಂದ ಕಂಡದ್ದನ್ನೆಲ್ಲ ಹೇಳುತ್ತಾ ಹೋಗು.
ನನಗೆ ಯಾರೂ ಹೇಳಿಕೊಟ್ಟಿಲ್ಲ."

ಹಣೆ, ಎಂದೆ.
ಎಡರೆಪ್ಪೆ ಜೋತಿದೆ.
ಮೂಗಿನ ಪಕ್ಕ ಒಂದು ಮಚ್ಚೆ, ಮಚ್ಚೆಯಲ್ಲೊಂದು ಕೂದಲು.
ಕತ್ತಿನ ನರ.
ಅಲ್ಲಿಗೆ ನಿಂತೆ.
ಇಷ್ಟು ವರ್ಷ ಎಷ್ಟು ಮುಖಗಳ ಎದುರು
ತುಟಿಪಿಟಕ್ಕೆನ್ನದೆ ನಿಂತು
ಅದನ್ನೇ ಗೌರವ ಎಂದುಕೊಂಡವಳು.

"ಬಾ..." ಎಂದು ಸುಳಿವು ಕೊಟ್ಟಳು.

ಬಾಯಿ, ಎಂದೆ. ಬೊಚ್ಚುಬಾಯಿ.
ಲಾಡಿ ಎಳೆದ ಚೀಲದ ಹಾಗೆ
ನೆರಿಗೆ ನೆರಿಗೆಯಾಗಿ ಒಳಕ್ಕೆ ಸೇದಿಕೊಂಡ ತುಟಿ.

"ಮುಂದೆ?"

ಚಂದವಿಲ್ಲ. ಆದರೂ ಕಣ್ಣು ತೆಗೆಯಲಾಗುತ್ತಿಲ್ಲ.

"ಅದು ಯಾವ ನಾಟಕದ್ದು?"

ಯಾವುದರದ್ದೂ ಅಲ್ಲ, ಎಂದೆ,
ನಕ್ಕಳು ನೋಡಿ,
ಆ ನಗುವಿಗೆ ಷಟರ್ ತೆರೆದೆ.
ಎರಡು ಸೆಕೆಂಡು. ಮಿಸುಕಬಾರದ ಎರಡು ಸೆಕೆಂಡು.
ಅಚ್ಚಿನಲ್ಲಿ ಕಣ್ಣು ಸೂಜಿಮೊನೆಯಷ್ಟು ಸ್ಪಷ್ಟ,
ಬಾಯಿ ಇದ್ದಲ್ಲಿ ಹಬೆ.

ಕೆಟ್ಟಿತು, ಇನ್ನೊಂದು ತೆಗೆಯೋಣ ಎಂದರೆ
ಎದ್ದೇ ಬಿಟ್ಟಳು. "ಗೆನತ್ಸ್ವಾಲೆ" ಎಂದಳು.
ನಮ್ಮಲ್ಲಿ ತರಕಾರಿಯವನೂ ಅನ್ನುವ ಮಾತು,
ಚಿನ್ನಾ, ಪುಟ್ಟಾ ಎಂದಷ್ಟೇ ಸಲೀಸು.
ಒಡೆದು ನೋಡಿದರೆ: ನಿನ್ನ ಬದಲಿಗೆ ನಾನಿರಲಿ.
ಅಕ್ಷರಶಃ ಅದನ್ನೇ ಮಾಡಿದಳು.
ಕರಿಬಟ್ಟೆ ಹೊದ್ದಳು. ನಾನು ಹೋಗಿ ಕೂತೆ.
ಕುರ್ಚಿ ಇನ್ನೂ ಬೆಚ್ಚಗಿತ್ತು.
ಪಕ್ಕದ ಲೋಟದಲ್ಲಿ ಅವಳ ಹಲ್ಲು ನನ್ನ ಕಡೆಗೇ.
ಕೈಯನ್ನು ಎಲ್ಲಿಡುವುದೋ ತಿಳಿಯಲಿಲ್ಲ,
ಸಾವಿರ ಜನಕ್ಕೆ ಹೇಳಿಕೊಟ್ಟಿದ್ದೆ.
ಬಟ್ಟೆಯೊಳಗಿನಿಂದ ಪಿಸುಮಾತು: "ಉಸಿರು."
ಮರೆತೇ ಹೋಗಿತ್ತು.

ಆ ಫಿಲ್ಮನ್ನು ತೊಳೆಯಲು ಕೊಡಲಿಲ್ಲ ಅವಳು.
ಪೆಟ್ಟಿಗೆ ಸಮೇತ ಕೋಟಿನೊಳಗೆ ಸಿಕ್ಕಿಸಿಕೊಂಡು
ಮೆಟ್ಟಿಲಿಳಿದಳು.
ಅವಳದರ ಒಂದೇ ಅಚ್ಚು ಕಳಿಸಿದೆ,
ನೆಗೆಟಿವ್ ಸುಟ್ಟೆ ಎಂದು ಬರೆದೆ.
ಫೋನಿನಲ್ಲಿ ಕೇಳಿದರೆ ಅವಳೂ ಅಂದಳು,
ಬಿಸಿಲಿಗೆ ಹಿಡಿದೆ ಮಾರಾಯ್ತಿ, ನೀನು ಹೊರಟುಹೋದೆ.

ಕೆಲವು ರಾತ್ರಿ ಡ್ರಾಯರ್ ತೆಗೆದು
ಅವಳ ಕಪ್ಪು ಮುಖ, ಬಿಳಿ ಕಣ್ಣುಪಾಪೆಗಳನ್ನು
ಬಲ್ಬಿಗೆ ಹಿಡಿಯುತ್ತೇನೆ.
ನದಿಯಾಚೆ ಅವಳ ಮನೆಯ ಬೀರುವಿನಲ್ಲಿ
ಕತ್ತಲೆಯೊಳಗೆ ಮುಚ್ಚಿಟ್ಟ ನಾನು,
ಇನ್ನೂ ಉಸಿರು ಬಿಡುತ್ತಾ.